ಒಡ್ಡಿನ ಮೇಲಕ್ಕೆ ಬಂದ ಮೀನು

2019ರ ಮೇ 12, ಭಾನುವಾರ, ಬೆಳಗ್ಗೆ 7 ಗಂಟೆ 40 ನಿಮಿಷ. ಒಕುಹಿರಾ ಪೊಲೀಸ್ ಠಾಣೆಯ ಮುಂದೆ ಒಂದು ಪುಟ್ಟ ಟ್ರಕ್ಕು ಬಂದು ನಿಂತಿತು. ಅದರಿಂದ ಇಳಿದ ಮುದುಕ ಐಸ್ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದು ದೂರು ಬರೆಯುವ ಮೇಜಿನ ಮೇಲೇ ಇಟ್ಟ. ಕಾನ್‌ಸ್ಟೆಬಲ್ ನಿಹೇಯಿ ಕಾಗದ ಎಳೆದುಕೊಳ್ಳುವಷ್ಟರಲ್ಲಿ ಎರಡು ನಮೂನೆ ಒದ್ದೆಯಾಗಿದ್ದವು. ಹೇಗಿದ್ದರೂ ಅವು ಹಳೆಯ ನಮೂನೆಗಳು. ಹೊಸ ಚಕ್ರವರ್ತಿಯ ಹೆಸರಿನ ಶಕೆ ಶುರುವಾಗಿ ಹನ್ನೆರಡು ದಿನವಾಗಿದ್ದರೂ ಅಚ್ಚಾದ ಹಳೆಯ ಹೆಸರಿಗೆ ಗೀಟು ಹಾಕಿ, ಪಕ್ಕದಲ್ಲಿ ಹೊಸದನ್ನು ಕೈಯಲ್ಲಿ ಬರೆಯುವ ಕೆಲಸ ನಿಹೇಯಿಯ ತಲೆಗೇ ಬಿದ್ದಿತ್ತು.

ಮುದುಕನ ಹೆಸರು ಶಿಯೋಝಾಕಿ ಕಮೆತಾರೊ, ವಯಸ್ಸು 76. ಹಿಝುಮೆ ಹೊಳೆಗೆ ಹೂಳು ತಡೆಯಲು ಕಟ್ಟಿದ ಒಡ್ಡಿನ ಮೇಲ್ಭಾಗದಲ್ಲಿ ಅವನದೊಂದು ಗುಡಿಸಲು. ಏಪ್ರಿಲಿನಿಂದ ಜೂನ್‌ವರೆಗೆ ಅಲ್ಲಿ ಉಗುಯಿ ಮೀನು ಹಿಡಿದು, ಉಪ್ಪು ಸವರಿ, ಕೆಂಡದಲ್ಲಿ ಸುಟ್ಟು ಬಡಿಸುವುದು ಅವನ ಕಸುಬು. ಹಿಡಿಯುವ ಬಗೆಯೂ ಅಪ್ಪನ ಕಾಲದ್ದು. ಹೊಳೆಯ ಜಲ್ಲಿಯನ್ನು ಪಾಚಿ ಹೋಗುವ ಹಾಗೆ ತಿಕ್ಕಿ ತೊಳೆದು, ತೆಳುವಾಗಿ ಹರಿಯುವ ನೀರಿನಲ್ಲಿ ಹಾಸುತ್ತಾನೆ. ಹೊಟ್ಟೆಗೆ ಕೆಂಪು ಪಟ್ಟೆ ಬಂದ ಉಗುಯಿಗಳು ಹೊಸ ಜಲ್ಲಿಯೆಂದು ನಂಬಿ ಮೊಟ್ಟೆಯಿಡಲು ಅಲ್ಲಿಗೇ ನುಗ್ಗುತ್ತವೆ. ಕೆಲವು ಬಲೆಗೆ, ಉಳಿದವು ಮುಂದಿನ ವರ್ಷಕ್ಕೆ. ಈಗ ಆ ಹೊಳೆಯಲ್ಲಿ ಜಲ್ಲಿ ತೊಳೆಯುವವನು ಅವನೊಬ್ಬನೇ.

ಇನ್ಸ್‌ಪೆಕ್ಟರ್ ತೊಕಿವಾ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರು. ಐಸಿನ ಮೇಲೆ ಮೂರು ಮೀನು. ಕಂದು ಮೈ, ಮೈಮೇಲೆ ನಿಲುವು ಪಟ್ಟೆ, ದಪ್ಪ ದವಡೆ. ಒಂದರ ಹೊಟ್ಟೆಯನ್ನು ಕಮೆತಾರೊ ಸೀಳಿ ತಂದಿದ್ದ. ಒಳಗೆ ಅರ್ಧ ಅರಗಿದ ಉಗುಯಿ ಮೊಟ್ಟೆ.

"ಎಲ್ಲಿ ಸಿಕ್ಕಿತು?"

"ನನ್ನ ಜಲ್ಲಿ ಮೇಲೆ. ಇವತ್ತು ಬೆಳಗ್ಗೆ ಐದಕ್ಕೆ."

"ಇದು ಕೊಕುಚಿ ಬಾಸ್ ಅಲ್ವಾ?"

"ಆ ದರಿದ್ರದ ಹೆಸರು ನಾನು ಬಾಯಲ್ಲಿ ಎತ್ತಲ್ಲ, ಸಾಹೇಬ್ರೆ. ನೀವು ಏನಾದ್ರೂ ಬರ್ಕೊಳ್ಳಿ."

ತೊಕಿವಾ ಬರೆದುಕೊಂಡರು. ಅಮೆರಿಕದಿಂದ ಬಂದ ಈ ಬೇಟೆಮೀನು ಒಡ್ಡಿನ ಕೆಳಗೆ ಹದಿನೈದು ವರ್ಷದಿಂದ ಇದೆ. ಅಲ್ಲಿ ಉಗುಯಿ ಹೆಚ್ಚುಕಡಿಮೆ ನಾಮಾವಶೇಷವಾಗಿದೆ. ಒಡ್ಡಿನ ಮೇಲೆ ಮಾತ್ರ ಅದು ಎಂದೂ ಕಂಡಿರಲಿಲ್ಲ. ಆರು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆಯನ್ನು ಯಾವ ಮೀನೂ ಹಾರಲಾರದು. ಅಂದರೆ ಯಾರೋ ಜೀವಂತ ಹೊತ್ತು ತಂದು ಬಿಟ್ಟಿದ್ದಾರೆ. ಜೀವಂತ ಬಾಸ್ ಸಾಗಿಸುವುದೇ ಅಪರಾಧ, ಹೊಳೆಗೆ ಬಿಡುವುದು ಇನ್ನೊಂದು. ಮೂರು ವರ್ಷದವರೆಗೆ ಜೈಲು.

ಬೆಳಗ್ಗೆ 10ಕ್ಕೆ ಸ್ಥಳ ಪಂಚನಾಮೆ ಆಯಿತು. ಮೀನುಗಾರರ ಸಂಘದ ಅಧ್ಯಕ್ಷ ಅಮಗಾಸಾ ಪಂಚನಾಗಿ ನಿಂತ. ಕಮೆತಾರೊ ಹಾಸಿದ ಜಲ್ಲಿಯ ಅಂಚಿನಲ್ಲಿ, ನೀರು ಮೆತ್ತಗಾಗುವ ಕಡೆ, ಬಾಣಲೆಯಷ್ಟಗಲದ ನಾಲ್ಕು ಗುಳಿಗಳಿದ್ದವು. ಬಾಸ್‌ನ ಗೂಡುಗಳು. ಮುದುಕ ಬೆನ್ನು ಬಗ್ಗಿಸಿ ತೊಳೆದಿಟ್ಟ ಕಲ್ಲುಗಳನ್ನೇ ಅವು ಆರಿಸಿಕೊಂಡಿದ್ದವು. ನೀರಿನ ಶಾಖ 16 ಡಿಗ್ರಿ. ಮರಿ ಹೊರಬರಲು ವಾರವೂ ಬೇಡ ಎಂದು ಅಮಗಾಸಾ ಹೇಳಿದ. ಇದ್ದ ಗೂಡು ಕೆದಕಿ ಹಾಕಬಹುದು, ಆದರೆ ತಂದು ಬಿಡುವ ಕೈ ಸಿಗದಿದ್ದರೆ ಬರುವ ವರ್ಷದ ಹೊತ್ತಿಗೆ ಮೇಲ್ಭಾಗವೂ ಕೈಬಿಟ್ಟ ಹಾಗೆಯೇ.

ವಿಷಯ ಬಾಯಿಂದ ಬಾಯಿಗೆ ಹೋದರೆ ಆ ಕೈ ಎಚ್ಚೆತ್ತುಕೊಳ್ಳುತ್ತದೆ. ಯಾರಿಗೂ ಹೇಳಬೇಡಿ ಎಂದು ತೊಕಿವಾ ಇಬ್ಬರಿಗೂ ಎಚ್ಚರಿಸಿದರು.

"ನಾನು ಯಾರಿಗೆ ಹೇಳ್ಲಿ?" ಎಂದ ಕಮೆತಾರೊ. "ಪಕ್ಕದ ಮನೇಲಿ ತಂಗಿ ಒಬ್ಬಳಿದಾಳೆ. ಅವಳಿಗೂ ಹೇಳಲ್ಲ."

ನಿಹೇಯಿ ಪಟ್ಟಣದಿಂದ ಬಂದವನು, ವಯಸ್ಸು 41, ಮೂರು ಮಕ್ಕಳ ತಂದೆ. ಮೀನೆಂದರೆ ಅವನಿಗೆ ಅಂಗಡಿಯ ತಟ್ಟೆಯಲ್ಲಿ ತುಂಡಾಗಿ ಮಲಗಿರುವುದು. ಆದರೆ ಅಪರಾಧಿ ಯಾರೆಂದು ಅವನಿಗೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಗೊತ್ತಾಗಿಬಿಟ್ಟಿತ್ತು. ಕೆಳಪೇಟೆಯಲ್ಲಿ ಗಾಳದ ಸಾಮಾನಿನ ಅಂಗಡಿ ಇಟ್ಟ ಕುಸಕಾಬೆ. ಬಾಸ್ ಹಿಡಿಯುವ ಶೋಕಿಯವರೆಲ್ಲ ಅವನ ಗಿರಾಕಿಗಳು. ನಾಲ್ಕು ವರ್ಷದ ಹಿಂದೆ, ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡಕೂಡದು, ದಡದ ಬೋನಿಗೆ ಹಾಕಬೇಕು ಎಂದು ಸಂಘ ನಿಯಮ ಮಾಡಿದಾಗ ಜಿಲ್ಲಾ ಕಚೇರಿಗೆ ತಕರಾರು ಬರೆದವನು ಅವನೊಬ್ಬನೇ.

"ಇವನೇ ಸಾರ್. ಮುಖ ನೋಡಿದ್ರೆ ಗೊತ್ತಾಗುತ್ತೆ."

"ಮುಖಾನ ಪಂಚನಾಮೇಲಿ ಬರೆಯೋಕಾಗಲ್ಲ," ಎಂದರು ತೊಕಿವಾ.

ಮೇ 14, ಮಂಗಳವಾರ, ಬೆಳಗ್ಗೆ 11. ಕುಸಕಾಬೆಯ ವಿಚಾರಣೆ ಅವನ ಅಂಗಡಿಯಲ್ಲೇ ನಡೆಯಿತು. ಏಪ್ರಿಲ್ ಪೂರ್ತಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಬಿದ್ದಿದ್ದೆ ಎಂದು ಆಸ್ಪತ್ರೆಯ ಚೀಟಿ ತೋರಿಸಿದ. ಊರುಗೋಲು ಇನ್ನೂ ಗಲ್ಲಾಪೆಟ್ಟಿಗೆಗೆ ಒರಗಿತ್ತು. ನಿನ್ನ ಗಿರಾಕಿಗಳಲ್ಲಿ ಯಾರಾದರೂ ಎಂದು ಕೇಳಿದಾಗ ಅವನಿಗೆ ನಗು ಬಂತು.

"ಮೇಲ್ಗಡೆ ಬಿಟ್ಟು ಏನು ಮಾಡೋಣ ಸಾರ್? ಅಲ್ಲಿ ಮರ ಬಾಗಿಕೊಂಡಿದೆ, ಗಾಳ ಬೀಸೋಕೆ ಜಾಗ ಇಲ್ಲ. ಆ ಮುದುಕ ಬೇರೆ ಕಲ್ಲು ಎಸೀತಾನೆ."

ಮೀನಿನ ಫೋಟೋ ತೋರಿಸಿದರು. ಅವನು ಕನ್ನಡಕ ಹಾಕಿಕೊಂಡು ನೋಡಿದ, ನಗು ನಿಂತಿತು.

"ಮೂರಕ್ಕೂ ಮೇಲ್ದವಡೆಯಲ್ಲಿ ತೂತಿದೆ, ನೋಡಿ. ಮಾಯ್ತಾ ಬಂದ ಗಾಯ. ಇವು ಒಂದ್ಸಲ ಗಾಳಕ್ಕೆ ಸಿಕ್ಕಿದ ಮೀನು. ಸಿಕ್ಕಿದ್ದೆಲ್ಲ ಬೋನಿಗೆ ಹಾಕಿ ಅಂತ ಸಂಘದವರೇ ಬೋರ್ಡು ಹಾಕಿಸಿದಾರೆ. ಅಲ್ಲಿಂದ ಹೊರಗೆ ಹೇಗೆ ಬಂದ್ವು ಅಂತ ಬೋನನ್ನೇ ಕೇಳಿ."

ಅದೇ ಮಧ್ಯಾಹ್ನ ಇಬ್ಬರೂ ಬೋನಿನ ಹತ್ತಿರ ಹೋದರು. ಒಡ್ಡಿನಿಂದ ಮುನ್ನೂರು ಮೀಟರ್ ಕೆಳಗೆ, ಅರ್ಧ ನೀರಿನಲ್ಲಿ ಮುಳುಗಿದ ಕಬ್ಬಿಣದ ಜಾಲರಿಯ ಪೆಟ್ಟಿಗೆ. ಮೇಲೆ ಮೀನು ಹಾಕುವ ಬಾಯಿ, ಪಕ್ಕದಲ್ಲಿ ಬೀಗ. ಒಳಗೆ ಐದು ಬಾಸ್. ಅವು ಹೊಳೆಯ ಕಡೆಗೆ ಮುಖ ಮಾಡಿ ಜಾಲರಿಗೆ ಮೂತಿ ಒತ್ತುತ್ತಿದ್ದವು, ಹಿಂದೆ ಸರಿದು ಮತ್ತೆ ಒತ್ತುತ್ತಿದ್ದವು. ಮೂತಿಯ ತುದಿ ತರಚಿ ಕೆಂಪಾಗಿತ್ತು. ನಿಹೇಯಿ ಫೋಟೋ ಹೊರತೆಗೆದ. ಕಮೆತಾರೊ ತಂದ ಮೂರು ಮೀನಿಗೂ ಅದೇ ಜಾಗದಲ್ಲಿ ಅದೇ ತರಚು. ಅವನು ಕುಸಕಾಬೆಯ ಮುಖದ ವಿಷಯ ಮತ್ತೆ ಎತ್ತಲಿಲ್ಲ.

ಬೀಗಕ್ಕೆ ಎರಡು ಕೀಲಿ. ಒಂದು ಅಮಗಾಸಾನ ಹತ್ತಿರ, ಇನ್ನೊಂದು ಬೋನು ಖಾಲಿ ಮಾಡುವ ಕೆಲಸದವಳ ಹತ್ತಿರ.

ಮೇ 16, ಗುರುವಾರ, ಮಧ್ಯಾಹ್ನ 2 ಗಂಟೆ. ಸಂಘದ ಕಚೇರಿಯಲ್ಲಿ ಅಮಗಾಸಾ ಬಾರ್ಲಿ ಚಹಾ ತಂದಿಟ್ಟು, ಬೋನಿನ ದಾಖಲೆ ಪುಸ್ತಕವನ್ನೂ ಮುಂದಿಟ್ಟ. ಪ್ರತಿ ಭಾನುವಾರಕ್ಕೆ ಒಂದು ಸಾಲು. ಜೀವಂತ ಇದ್ದವು ಎಷ್ಟು, ಸತ್ತವು ಎಷ್ಟು, ಕೊನೆಗೆ ಮೊಹರು. ಜೀವಂತ ಇದ್ದವನ್ನು ಕೊಂದು, ಸತ್ತವುಗಳ ಜೊತೆ ಗೊಬ್ಬರದ ಗುಂಡಿಗೆ ಹಾಕಬೇಕು. ನಾಲ್ಕು ವರ್ಷದಿಂದ ಒಂದೇ ಕೈಬರಹ, ಒಂದೇ ಮೊಹರು: ಸೆಕಿನೊ ಹತ್ಸುಎ.

ತೊಕಿವಾ ಹಾಳೆ ತಿರುವುತ್ತ ಹೋದರು. ಜೀವಂತ ಏನೂ ಇಲ್ಲದ ವಾರ ಅವಳು ಸೊನ್ನೆ ಬರೆದಿದ್ದಳು, ದುಂಡಗೆ. ಆದರೆ ಏಪ್ರಿಲ್ 7ರಿಂದ ಮೊನ್ನೆ ಮೇ 12ರವರೆಗೆ, ಆರು ಭಾನುವಾರ, ಆ ಅಂಕಣದಲ್ಲಿ ಸೊನ್ನೆಯೂ ಇಲ್ಲ, ಅಂಕಿಯೂ ಇಲ್ಲ. ಬರೀ ಒಂದು ಅಡ್ಡಗೆರೆ.

"ಈಕೆ ಹೇಗೆ?"

"ಹತ್ಸುಎ ಅಕ್ಕನಾ? ಒಂದು ಅಂಕಿ ಸುಳ್ಳು ಬರೆಯೋಳಲ್ಲ ಸಾರ್."

"ಅದು ಕಾಣ್ತಾ ಇದೆ. ಏಪ್ರಿಲ್ ಏಳಕ್ಕೆ ಮುಂಚೆ ಏನಾದ್ರೂ ಆಯ್ತಾ?"

ಅಮಗಾಸಾ ಯೋಚಿಸಿದ. ಮಾರ್ಚ್ 30ಕ್ಕೆ ಸದಸ್ಯರ ವಾರ್ಷಿಕ ಸಭೆ ಆಗಿತ್ತು. ಗಲಾಟೆ ಏನೂ ಇಲ್ಲ, ಎಲ್ಲರೂ ನಕ್ಕುಕೊಂಡೇ ಎದ್ದರು ಎಂದ. ಆಮೇಲೆ ಚಹಾ ಲೋಟ ಕೆಳಗಿಟ್ಟು, ಕೇಳದಿದ್ದರೂ ಇನ್ನೊಂದು ಮಾತು ಹೇಳಿದ. ಹತ್ಸುಎ ಸೆಕಿನೊ ಮನೆಗೆ ಮದುವೆಯಾಗಿ ಹೋದವಳು, ಗಂಡ ತೀರಿಕೊಂಡ ಮೇಲೆ ತವರಿನ ಪಕ್ಕಕ್ಕೇ ಬಂದಿದ್ದಾಳೆ. ಕಮೆತಾರೊನ ಒಡಹುಟ್ಟಿದ ತಂಗಿ.

ಠಾಣೆಗೆ ಹಿಂತಿರುಗುವಾಗ ನಿಹೇಯಿಗೆ ಒಂದೇ ಯೋಚನೆ. ಅಣ್ಣನ ಹೊಟ್ಟೆಯ ಮೇಲೆ ತಂಗಿ ಹೊಡೆಯುವಂಥದ್ದು ಏನಿರಬಹುದು? ಆಸ್ತಿಯ ಜಗಳವೇ ಇರಬೇಕು ಎಂದುಕೊಂಡು ಮರುದಿನ ಊರಲ್ಲಿ ಮೆಲ್ಲಗೆ ವಿಚಾರಿಸಿದ. ಜಗಳ ಯಾವುದೂ ಇಲ್ಲ. ಅಣ್ಣನ ಗುಡಿಸಲಿಗೆ ಉಪ್ಪಿನಕಾಯಿ, ಸೊಪ್ಪು ತುಂಬಿದ ಒಯಾಕಿ ರೊಟ್ಟಿ ಎಲ್ಲ ಅವಳ ಮನೆಯಿಂದಲೇ ಹೋಗುತ್ತದೆ. ತೊಕಿವಾ ಕೇಳಿಸಿಕೊಂಡು, ಭಾನುವಾರ ನೋಡೋಣ ಎಂದರು.

ಮೇ 19, ಭಾನುವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ. ಬೋನಿನ ಎದುರು ದಡದಲ್ಲಿ ಹಾಳುಬಿದ್ದ ಬಸ್ ತಂಗುದಾಣವಿದೆ. ಇಬ್ಬರೂ ಮಫ್ತಿಯಲ್ಲಿ ಅಲ್ಲಿ ಕೂತರು. ಬೋನಿನಲ್ಲಿ ಹನ್ನೊಂದು ಮೀನು, ಏಳು ಈಜುತ್ತಿವೆ, ನಾಲ್ಕು ಹೊಟ್ಟೆ ಮೇಲಾಗಿವೆ ಎಂದು ನಿಹೇಯಿ ಮೊದಲೇ ಎಣಿಸಿ ಬರೆದುಕೊಂಡಿದ್ದ.

3:40ಕ್ಕೆ ಹತ್ಸುಎ ತನ್ನ ಪುಟ್ಟ ಟ್ರಕ್ಕಿನಲ್ಲಿ ಬಂದಳು. 68 ವರ್ಷದ ಗಿಡ್ಡ ಹೆಂಗಸು, ಮೊಣಕಾಲುದ್ದ ರಬ್ಬರ್ ಬೂಟು, ತಲೆಗೆ ಬಟ್ಟೆ. ಬೀಗ ತೆಗೆದು ಸತ್ತ ನಾಲ್ಕನ್ನು ಗೋಣಿಗೆ ಹಾಕಿದಳು. ಆಮೇಲೆ ಟ್ರಕ್ಕಿನಿಂದ ಒಂದು ಚಪ್ಪಟೆ ಡಬ್ಬಿ ಇಳಿಸಿದಳು. ಗಾಳಕ್ಕೆ ಕಟ್ಟುವ ಜೀವಂತ ಮೀನು ಒಯ್ಯಲು ಹೊಳೆಯವರು ಇಟ್ಟುಕೊಳ್ಳುವಂಥದ್ದು, ಗಾಳಿ ಊದುವ ಪುಟ್ಟ ಯಂತ್ರ ಸಮೇತ. ಏಳು ಮೀನು ಒಂದೊಂದಾಗಿ ಡಬ್ಬಿಗೆ ಹೋದವು. ಸಂಘದಿಂದ ತಂದಿದ್ದ ಪುಸ್ತಕ ತೆಗೆದು ಬರೆದು, ಮೊಹರು ಒತ್ತಿದಳು. ಒಂದು ಸಲವೂ ಆಚೀಚೆ ನೋಡಲಿಲ್ಲ, ಅವಸರವೂ ಪಡಲಿಲ್ಲ.

ಟ್ರಕ್ಕು ಗೊಬ್ಬರದ ಗುಂಡಿಯ ದಾರಿ ಬಿಟ್ಟು ಒಡ್ಡಿನ ಮೇಲಿನ ದಾರಿ ಹಿಡಿಯಿತು. ಪೊಲೀಸರು ಹಿಂದೆ ಹೋದರು. 4:20ಕ್ಕೆ ಅದು ನಿಂತದ್ದು ಮೀನುಕಲ್ಲಿನ ಹತ್ತಿರ. ಆಳೆತ್ತರದ ಕಪ್ಪು ಕಲ್ಲು ಅದು. ವರ್ಷವಿಡೀ ಹಿಡಿದು ತಿಂದ ಮೀನುಗಳ ಆತ್ಮಶಾಂತಿಗೆಂದು ಅಕ್ಟೋಬರಿನಲ್ಲಿ ಸಂಘದವರು ಭಿಕ್ಷುವನ್ನು ಕರೆಸಿ ಅಲ್ಲೇ ಪೂಜೆ ಮಾಡಿಸುತ್ತಾರೆ. ಕಲ್ಲಿನ ಬುಡದಿಂದ ನೀರಿಗೆ ನಾಲ್ಕೇ ಮೆಟ್ಟಿಲು.

ಹತ್ಸುಎ ಡಬ್ಬಿ ಇಳಿಸಿ ಮುಚ್ಚಳಕ್ಕೆ ಕೈ ಹಾಕುವಾಗ ತೊಕಿವಾ ಎದುರಿಗೆ ಬಂದು ಗುರುತಿನ ಚೀಟಿ ತೋರಿಸಿದರು.

"ಹತ್ಸುಎ ಅವರೆ, ಡಬ್ಬೀಲಿ ಏನಿದೆ?"

"ಏಳು ಮೀನು."

"ಜೀವ ಇದೆಯಾ?"

"ಇದೆ. ಅದಕ್ಕೇ ತಂದೆ."

"ಹಿಂದೆಯೂ ತಂದಿದೀರಾ?"

"ಆರು ವಾರ. ಇಲ್ಲೇ ಬಿಟ್ಟೆ." ಅವಳು ಮುಚ್ಚಳದಿಂದ ಕೈ ತೆಗೆದಳು. "ಇವೊಂದು ಏಳು ಬಿಟ್ಟುಬಿಡ್ಲಾ? ಆಮೇಲೆ ಬರ್ತೀನಿ."

ಆಗುವುದಿಲ್ಲ ಎಂದು ತೊಕಿವಾ ಹೇಳಿದರು. 4 ಗಂಟೆ 26 ನಿಮಿಷಕ್ಕೆ ಬಂಧನದ ಮಾತು ಓದಿ ಹೇಳಿದರು. ಬೇಡಿ ಹಾಕಲಿಲ್ಲ. ಆದರೆ ಡಬ್ಬಿಯ ಸಮಸ್ಯೆ ಹಾಗೇ ಉಳಿಯಿತು. ಜೀವಂತ ಬಾಸನ್ನು ಪೊಲೀಸರು ಕೂಡ ಊರೊಳಗೆ ಸಾಗಿಸಿಕೊಂಡು ತಿರುಗಬಾರದು ಎಂಬುದು ತೊಕಿವಾ ಹಾಕಿಕೊಂಡಿದ್ದ ನಿಯಮ. ಸಾಕ್ಷ್ಯವಾಗಿ ಐಸಿನ ಪೆಟ್ಟಿಗೆಯಲ್ಲಿ ಹೋಗಬೇಕು. ಅಂದರೆ ಇಲ್ಲೇ ಕೊಲ್ಲಬೇಕು.

"ನಾನೇ ಮಾಡ್ತೀನಿ," ಎಂದಳು ಹತ್ಸುಎ. "ಅವರಿಗೆ ರೂಢಿ ಇಲ್ಲ, ಸುಮ್ನೆ ನೋಯಿಸ್ತಾರೆ."

ಬಂಧಿತಳ ಕೈಗೆ ಸಾಕ್ಷ್ಯ ಕೊಡುವ ಹಾಗಿಲ್ಲ. ನಿಹೇಯಿ ಅವಳ ಟ್ರಕ್ಕಿನಲ್ಲಿದ್ದ ಮರದ ಕೊಡತಿ ತೆಗೆದುಕೊಂಡು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ಮೊದಲ ಏಟು ಮೀನಿನ ಬೆನ್ನಿಗೆ ಬಿತ್ತು. ಮೀನು ಜಾರಿ ಕಲ್ಲಿನ ಮೇಲೆ ಪಟಪಟ ಬಡಿದುಕೊಂಡಿತು.

"ಅಲ್ಲಲ್ಲಪ್ಪ. ಒದ್ದೆ ಬಟ್ಟೆ ಹಾಕಿ ಕಣ್ಣು ಮುಚ್ಚು. ಕಣ್ಣಿಂದ ಎರಡು ಬೆರಳು ಹಿಂದೆ. ಒಂದೇ ಏಟು, ಅನುಮಾನ ಮಾಡ್ಬೇಡ."

ಅವಳು ತಲೆಯ ಬಟ್ಟೆ ಬಿಚ್ಚಿ ಕೊಟ್ಟಳು. ಅವನು ಹಾಗೇ ಮಾಡಿದ. ಉಳಿದ ಆರೂ ಒಂದೊಂದೇ ಏಟಿಗೆ ಸತ್ತವು. ಪ್ರತಿ ಏಟಿಗೂ ಹತ್ಸುಎಯ ತುಟಿ ಅಲುಗುತ್ತಿತ್ತು. ಏಳನೆಯದು ಮುಗಿದಾಗ ಅವಳು ಕಲ್ಲಿನ ಕಡೆ ತಿರುಗಿ ಕೈ ಜೋಡಿಸಿದಳು. ಕೊಡತಿ ಪಕ್ಕಕ್ಕಿಟ್ಟ ನಿಹೇಯಿಯ ಕೈಗಳೂ ಕೂಡಿದ್ದನ್ನು ತೊಕಿವಾ ಕಂಡರು. ಪಂಚನಾಮೆಯಲ್ಲಿ ಅದನ್ನು ಬರೆಯಲಿಲ್ಲ.

ಹೇಳಿಕೆ ಸಂಜೆ 6ರಿಂದ 7:30ರವರೆಗೆ ನಡೆಯಿತು. ಅವಳು ಯಾವುದನ್ನೂ ಮುಚ್ಚಿಡಲಿಲ್ಲ. ಬೋನಿನ ಕೆಲಸ ಮಾಡಲು ಗಂಡಸರು ಯಾರೂ ಒಪ್ಪಿರಲಿಲ್ಲ. ಹೊಳೆಗೆ ಒಳ್ಳೆಯದಾಗುವುದಾದರೆ ಆಗಲಿ ಎಂದು ಅವಳು ಒಪ್ಪಿದ್ದಳು. ಅಕ್ಟೋಬರಿನ ಪೂಜೆಯಲ್ಲಿ ಭಿಕ್ಷು ಆ ವರ್ಷ ಸತ್ತ ಮೀನುಗಳ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಆಯು, ಉಗುಯಿ, ಇವಾನಾ, ಕಜಿಕಾ. ಮೊದಲ ವರ್ಷ ಅವಳು ಕೊನೆಯವರೆಗೂ ಕಾದಳು. ಬಾಸ್ ಬರಲಿಲ್ಲ. ಮರೆತಿರಬೇಕು ಎಂದುಕೊಂಡಳು. ಎರಡನೇ ವರ್ಷ ಭಿಕ್ಷುವನ್ನೇ ಕೇಳಿದಳು, ಪಟ್ಟಿ ಕೊಡುವುದು ಸಂಘ ಎಂದರು. ಮೂರನೇ ವರ್ಷ ಅಮಗಾಸಾನನ್ನು ಕೇಳಿದಳು, ಅವನು ಮಾತು ತೇಲಿಸಿದ. ಈ ಮಾರ್ಚ್ 30ರ ಸಭೆಯಲ್ಲಿ ಎದ್ದು ನಿಂತು, ಪಟ್ಟಿಗೆ ಒಂದು ಸಾಲು ಸೇರಿಸಿ ಎಂದಳು. ಅಕ್ಕ, ಮೊದಲು ಇಂಗ್ಲಿಷಿನಲ್ಲಿ ಮಂತ್ರ ಹೇಳುವ ಭಿಕ್ಷುವನ್ನು ಹುಡುಕಿ ತಾ ಎಂದ ಅಮಗಾಸಾ. ಸಭೆಯೆಲ್ಲ ನಕ್ಕಿತು. ಅಣ್ಣನೂ ನಕ್ಕ.

"ಕೊಲ್ಲಬೇಡಿ ಅಂತ ನಾನು ಯಾವತ್ತೂ ಅನ್ನಲಿಲ್ಲ ಸಾಹೇಬ್ರೆ. ಹೆಸರು ಓದಿ ಅಂದೆ, ಅಷ್ಟೆ. ಕೊಂದಿದ್ದು ನನ್ನ ಕೈ ಅಲ್ವಾ."

"ಮೀನುಕಲ್ಲಿನ ಹತ್ರವೇ ಯಾಕೆ ಬಿಟ್ರಿ?"

"ಹೆಸರಂತೂ ಅಲ್ಲಿ ಇಲ್ಲ. ಮೀನಾದ್ರೂ ಇರ್ಲಿ ಅಂತ."

ಅವು ಉಗುಯಿ ಮೊಟ್ಟೆ ತಿನ್ನುತ್ತವೆ ಎಂದು ಗೊತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ ಗೊತ್ತಿತ್ತು ಎಂದಳು. ಕಲ್ಲಿನ ಮುಂದಿನ ಮಡು ಆಳವಾಗಿದೆ, ಅಲ್ಲೇ ಇದ್ದುಕೊಂಡು ಬದುಕುತ್ತವೆ ಎಂದುಕೊಂಡಿದ್ದಳು. ದೂರು ಎಲ್ಲಿಂದ ಬಂತೆಂದು ತೊಕಿವಾ ಆಗ ಹೇಳಿದರು.

"ಅಣ್ಣನ ಜಲ್ಲಿ ಮೇಲೆ ಕೂತ್ವಾ?" ಎಂದಳು. "ಆ ಜಲ್ಲಿ ನಾನೂ ತೊಳೆದಿದ್ದೆ, ಈ ಮಾರ್ಚಲ್ಲಿ. ಅವನ ಸೊಂಟ ಹಿಡಿದಿತ್ತು." ಆಮೇಲೆ ಅತ್ತಳು. ಠಾಣೆಗೆ ಬಂದ ಮೇಲೆ ಅತ್ತದ್ದು ಅದೊಂದೇ ಸಲ.

ಮೇ 20, ಸೋಮವಾರ, ಬೆಳಗ್ಗೆ 8. ಕಮೆತಾರೊ ಬಟ್ಟೆಯಲ್ಲಿ ಒಯಾಕಿ ಕಟ್ಟಿಕೊಂಡು ಬಂದ. ದೂರು ವಾಪಸ್ಸು ಕೊಡಿ ಎಂದ. ಇದು ಈಗ ಕಾನೂನಿನ ಕೇಸು, ವಾಪಸ್ಸು ಎಂಬುದಿಲ್ಲ, ಕಾಗದ ಸರ್ಕಾರಿ ವಕೀಲರಿಗೆ ಹೋಗುತ್ತದೆ ಎಂದು ತೊಕಿವಾ ತಿಳಿಸಿದರು. ವಯಸ್ಸು, ತಪ್ಪೊಪ್ಪಿಗೆ, ಎರಡನ್ನೂ ಬರೆದಿದ್ದೇನೆ ಎಂದೂ ಹೇಳಿದರು. ಮುದುಕ ತಲೆಯಾಡಿಸಿದ. ಅವಳು ಬಿಟ್ಟದ್ದು ಒಟ್ಟು ಐವತ್ತೆಂಟು ಎಂದು ಅವಳ ಹೇಳಿಕೆಯಲ್ಲಿತ್ತು. ತನ್ನ ಜಲ್ಲಿಯ ಹತ್ತಿರ ಈವರೆಗೆ ಹತ್ತೊಂಬತ್ತು ಸಿಕ್ಕಿವೆ, ಉಳಿದವನ್ನು ಹುಡುಕಲು ಇವತ್ತು ಸಂಘದವರೆಲ್ಲ ನೀರಿಗೆ ಇಳಿಯುತ್ತಾರೆ ಎಂದ. ಹೊರಡಲಿಲ್ಲ.

"ಅವಳು ಒಟ್ಟು ಎಷ್ಟು ಕೊಂದಿದಾಳೆ? ಬೋನಿನವು?"

ತೊಕಿವಾ ಪುಸ್ತಕ ನೋಡಿ ಹೇಳಿದರು. ನಾಲ್ಕು ವರ್ಷದಲ್ಲಿ ಮೂರು ಸಾವಿರದ ನೂರ ಆರು.

"ನಾನು ಎರಡು ವಸಂತದಲ್ಲಿ ಅಷ್ಟು ಉಗುಯಿ ಸುಡ್ತೀನಿ," ಎಂದ ಕಮೆತಾರೊ. "ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ. ನನ್ನವಕ್ಕೆ ಹೆಸರು ಓದ್ತಾರಲ್ಲ."

ಒಯಾಕಿ ಗಂಟನ್ನು ಮೇಜಿನ ಮೇಲಿಟ್ಟು, ಬಾಗಿಲವರೆಗೆ ಹೋಗಿ ಮತ್ತೆ ಬಂದ.

"ಈ ವಾರ ಹತ್ತೊಂಬತ್ತು ನಾನೇ ಕೊಂದೆ. ಬೈದುಕೊಂಡೇ ಕೊಂದೆ. ಇವತ್ತು ಇನ್ನೆಷ್ಟೋ. ಸಾಹೇಬ್ರೆ, ಅದರ ಹೆಸರು ಪೂರ್ತಿ ಏನಂದ್ರಿ?"

ತೊಕಿವಾ ಗೀಟು ಹಾಕಿದ ಹಳೆಯ ನಮೂನೆಯೊಂದರ ಹಿಂಬದಿಗೆ ದೊಡ್ಡ ಅಕ್ಷರದಲ್ಲಿ ಕೊಕುಚಿ ಬಾಸ್ ಎಂದು ಬರೆದು ಕೊಟ್ಟರು. ಕಮೆತಾರೊ ಅದನ್ನು ದೂರ ಹಿಡಿದು ಎರಡು ಸಲ ಬಾಯಲ್ಲಿ ಹೇಳಿಕೊಂಡ. ಮಡಚಿ ಅಂಗಿಯ ಜೇಬಿಗೆ ಹಾಕಿ, ನೀರಿಗೆ ಬೀಳದ ಹಾಗೆ ಗುಂಡಿ ಹಾಕಿಕೊಂಡ.